ಅಮೆರಿಕದ ವೈದ್ಯ ಪದವಿ, ಹೊರದೇಶದ ತರಬೇತಿ: ಯಾವುದು ಮೊದಲು?

ಅಮೆರಿಕದಲ್ಲಿ ಎಂ.ಡಿ. ಪದವಿಯನ್ನು, ಅಂದರೆ ಭಾರತದ ಎಂ.ಬಿ.ಬಿ.ಎಸ್.ನಂಥ ಮೊದಲ ವೈದ್ಯ ಪದವಿಯನ್ನು, ಪಡೆದ ಯುವ ವೈದ್ಯರು ಸ್ನಾತಕೋತ್ತರ ತರಬೇತಿಗಾಗಿ ಬ್ರಿಟನ್ನಿಗೋ ಆಸ್ಟ್ರೇಲಿಯಾಕ್ಕೋ ಜರ್ಮನಿಗೋ ಹೋಗಬಹುದೇ ಎಂದು ಕೇಳುವವರು ಇತ್ತೀಚೆಗೆ ಹೆಚ್ಚಾಗಿದ್ದಾರೆ. ಅವರಲ್ಲಿ ಅಮೆರಿಕದ ಈ ಸಭೆಯಲ್ಲಿ ಕುಳಿತಿರುವ ನಮ್ಮ ಕನ್ನಡದ ಮನೆಗಳ ಮಕ್ಕಳೂ ಇದ್ದಾರೆ, ಮಕ್ಕಳಿಗಿಂತ ಹೆಚ್ಚಿನ ಆತಂಕದಲ್ಲಿರುವ ತಾಯಿತಂದೆಯರೂ ಇದ್ದಾರೆ. ಹೋಗಬಹುದು ಎಂಬುದಷ್ಟೇ ಆ ಪ್ರಶ್ನೆಗೆ ಉತ್ತರ. ಆದರೆ ಹಾಗೆ ಹೋದವರು ಮುಂದೆ ತಿರುಗಿ ಬಂದು ಇಲ್ಲಿ ವೃತ್ತಿ ಮಾಡಬಹುದೇ ಎಂಬ ಇನ್ನೊಂದು ಪ್ರಶ್ನೆ ಇದರ ಹಿಂದೆಯೇ ಇದೆ. ಅದನ್ನು ಹೊರಡುವ ಮೊದಲೇ ಕೇಳಿಕೊಳ್ಳುವವರು ಕಡಿಮೆ. ರೆಸಿಡೆನ್ಸಿಯನ್ನು, ಅಂದರೆ ಪದವಿಯ ನಂತರ ಆಸ್ಪತ್ರೆಯಲ್ಲಿ ಪಡೆಯುವ ಆ ತರಬೇತಿಯನ್ನು, ಇಲ್ಲಿ ಮುಗಿಸಿ ಹೊರಗೆ ಹೋಗುವವರಿಗೆ ಅನೇಕ ಬಾಗಿಲುಗಳು ತೆರೆದಿವೆ. ರೆಸಿಡೆನ್ಸಿಯನ್ನೇ ಹೊರಗೆ ಮಾಡಿ ಇಲ್ಲಿಗೆ ಮರಳುವವರಿಗೆ ಬಹುತೇಕ ಬಾಗಿಲುಗಳು ಮುಚ್ಚಿವೆ. ಎರಡೂ ದಾರಿಗಳಲ್ಲಿ ವ್ಯಯವಾಗುವ ಶ್ರಮ ಹೆಚ್ಚುಕಡಿಮೆ ಒಂದೇ, ಫಲ ಮಾತ್ರ ಬೇರೆ. ಈ ಮಾತನ್ನು ದೇಶದೇಶಗಳ ನಿಯಮಗಳ ಸಮೇತ ವಿವರಿಸುವುದೇ ನನ್ನ ಇಂದಿನ ಕೆಲಸ.

ಅಮೆರಿಕನ್ ವೈದ್ಯರು ಹೊರಗೆ ಹೋಗಿ ಕಲಿಯುವುದು ಹೊಸ ಸಂಗತಿಯೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ವೈದ್ಯಕೀಯ ಶಾಲೆಗಳಲ್ಲಿ ಅನೇಕವು ಶುಲ್ಕ ಪಡೆದು ಉಪನ್ಯಾಸ ಕೇಳಿಸಿ ಪದವಿ ಕೊಡುವ ಖಾಸಗಿ ಸಂಸ್ಥೆಗಳಾಗಿದ್ದವು; ರೋಗಿಯ ಹಾಸಿಗೆಯ ಪಕ್ಕ ನಿಂತು ಕಲಿಯಬೇಕೆನ್ನುವವರು ಮೊದಲು ಪ್ಯಾರಿಸ್ಸಿಗೆ, ಅನಂತರ ವಿಯೆನ್ನಾ, ಬರ್ಲಿನ್‌ಗಳಿಗೆ ಹಡಗು ಹತ್ತುತ್ತಿದ್ದರು. 1870ರಿಂದ 1914ರ ನಡುವೆ ಜರ್ಮನ್ ಮಾತನಾಡುವ ನಾಡುಗಳ ವಿಶ್ವವಿದ್ಯಾಲಯಗಳಲ್ಲಿ ಸುಮಾರು 15,000 ಅಮೆರಿಕನ್ ವೈದ್ಯರು ಕಲಿತರೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಇಲ್ಲಿ ಬಾಗಿಲು ಮುಚ್ಚಿತ್ತೆಂಬ ಕಾರಣಕ್ಕೇ ಹೋದವರೂ ಇದ್ದರು. 1849ರಲ್ಲಿ ಅಮೆರಿಕದಲ್ಲಿ ಎಂ.ಡಿ. ಪಡೆದ ಮೊದಲ ಮಹಿಳೆ ಎಲಿಜಬೆತ್ ಬ್ಲ್ಯಾಕ್‌ವೆಲ್ ಅವರಿಗೆ ಆಸ್ಪತ್ರೆಯ ಅನುಭವ ಬೇಕಾದಾಗ ಪ್ಯಾರಿಸ್ಸಿಗೇ ಹೋಗಬೇಕಾಯಿತು. ಅಲ್ಲಿಯೂ ಲಾ ಮೆಟರ್ನಿಟೆ ಎಂಬ ಹೆರಿಗೆ ಆಸ್ಪತ್ರೆ ಅವರನ್ನು ವೈದ್ಯೆಯೆಂದು ಸ್ವೀಕರಿಸದೆ ಸೂಲಗಿತ್ತಿಯ ವಿದ್ಯಾರ್ಥಿನಿಯೆಂದು ಸೇರಿಸಿಕೊಂಡಿತು. ಕಣ್ಣಿನ ಸೋಂಕಿದ್ದ ಶಿಶುವಿಗೆ ಚಿಕಿತ್ಸೆ ಮಾಡುವಾಗ ಸೋಂಕು ತಗಲಿ ಅವರು ಒಂದು ಕಣ್ಣನ್ನು ಕಳೆದುಕೊಂಡರು, ಶಸ್ತ್ರವೈದ್ಯೆಯಾಗುವ ಆಸೆಯನ್ನು ಬಿಟ್ಟರು, ಆದರೂ ಅನಂತರ ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಗೆ ಹೋಗಿ ತರಬೇತಿಯನ್ನು ಮುಂದುವರಿಸಿದರು.

ಅದೇ ಯುರೋಪಿನ ವಿದ್ಯೆಯೇ ಇಲ್ಲಿನ ರೆಸಿಡೆನ್ಸಿಯ ಬೇರು. ವಿಲಿಯಂ ಹಾಲ್‌ಸ್ಟೆಡ್ 1878ರಿಂದ ಎರಡು ವರ್ಷ ವಿಯೆನ್ನಾದಲ್ಲಿಯೂ ಜರ್ಮನಿಯ ನಗರಗಳಲ್ಲಿಯೂ ಶಸ್ತ್ರಚಿಕಿತ್ಸಾ ವಿಭಾಗಗಳು ನಡೆಯುವ ರೀತಿಯನ್ನು ನೋಡಿ ಬಂದರು. 1889ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ತೆರೆದಾಗ, ಯುವ ವೈದ್ಯರು ಆಸ್ಪತ್ರೆಯಲ್ಲಿಯೇ ವಾಸವಿದ್ದು ವರ್ಷದಿಂದ ವರ್ಷಕ್ಕೆ ಹೆಚ್ಚಿನ ಹೊಣೆ ಹೊರುತ್ತ ಕಲಿಯುವ ಕ್ರಮವನ್ನು ಅಲ್ಲಿ ನೆಲೆಗೊಳಿಸಿದರು. ಮೊದಲ ಮಹಾಯುದ್ಧ ಯುರೋಪಿನ ಬಾಗಿಲನ್ನು ಮುಚ್ಚಿತು. ಆ ಬಳಿಕ ಅಮೆರಿಕ ತನ್ನದೇ ರೆಸಿಡೆನ್ಸಿಗಳನ್ನು, ತನ್ನದೇ ವಿಶೇಷಜ್ಞ ಬೋರ್ಡುಗಳನ್ನು ಕಟ್ಟಿಕೊಂಡಿತು, ಹೊರಗಿನ ತರಬೇತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಕ್ರಮೇಣ ನಿಲ್ಲಿಸಿತು.

ಇಂದು ಆ ಗೋಡೆ ಎಲ್ಲಿದೆ ಎಂಬುದನ್ನು ನೋಡೋಣ. ಇಲ್ಲಿ ವೈದ್ಯನಾಗಿ ಕೆಲಸ ಮಾಡಲು ಎರಡು ಬೇರೆ ಬೇರೆ ಮನ್ನಣೆಗಳು ಬೇಕು. ರಾಜ್ಯ ಸರ್ಕಾರದ ಮೆಡಿಕಲ್ ಬೋರ್ಡ್ ಕೊಡುವ ಲೈಸೆನ್ಸ್ ಒಂದು. ಅದಕ್ಕೆ ಯುಎಸ್‌ಎಂಎಲ್‌ಇ ಎಂಬ ಲೈಸೆನ್ಸ್ ಪರೀಕ್ಷೆಯ ಎಲ್ಲ ಹಂತಗಳ ಜೊತೆಗೆ, ಇಲ್ಲಿನ ರೆಸಿಡೆನ್ಸಿಗಳಿಗೆ ಮನ್ನಣೆ ಕೊಡುವ ಎಸಿಜಿಎಂಇ ಸಂಸ್ಥೆಯ ಮಾನ್ಯತೆ ಪಡೆದ, ಅಥವಾ ಕೆನಡಾದಲ್ಲಿ ಮಾನ್ಯತೆ ಪಡೆದ, ಕಾರ್ಯಕ್ರಮದಲ್ಲಿ ತರಬೇತಿ ಆಗಿರಬೇಕು. ಇಲ್ಲಿನ ಪದವೀಧರರಿಗೆ ಅನೇಕ ರಾಜ್ಯಗಳು ಒಂದು ವರ್ಷವನ್ನು ಕೇಳುತ್ತವೆ, ಕೆಲವು ಎರಡು ಮೂರು ವರ್ಷಗಳನ್ನು ಕೇಳುತ್ತವೆ. ಇನ್ನೊಂದು ವಿಶೇಷಜ್ಞ ಬೋರ್ಡಿನ ಸರ್ಟಿಫಿಕೇಟು. ಎಬಿಎಂಎಸ್ ಎಂಬ ಒಕ್ಕೂಟದ ಕೆಳಗೆ ಅಂಥ 24 ಬೋರ್ಡುಗಳಿವೆ, ಅವು ಬಹುಮಟ್ಟಿಗೆ ಅಮೆರಿಕ ಮತ್ತು ಕೆನಡಾದ ತರಬೇತಿಯನ್ನು ಮಾತ್ರ ಒಪ್ಪುತ್ತವೆ. ಕಾನೂನಿನ ಪ್ರಕಾರ ವೃತ್ತಿ ಮಾಡಲು ಲೈಸೆನ್ಸ್ ಸಾಕು. ಆದರೆ ಬೋರ್ಡ್ ಸರ್ಟಿಫಿಕೇಟಿಲ್ಲದ ವೈದ್ಯನನ್ನು ಸೇರಿಸಿಕೊಳ್ಳಲು ಆಸ್ಪತ್ರೆಗಳೂ, ತಮ್ಮ ಪಟ್ಟಿಯಲ್ಲಿ ಸೇರಿಸಿಕೊಳ್ಳಲು ವಿಮಾ ಕಂಪನಿಗಳೂ ಹಿಂಜರಿಯುತ್ತವೆ.

ನಮ್ಮ ಪೀಳಿಗೆಯ ಕನ್ನಡಿಗ ವೈದ್ಯರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಣಿಪಾಲಗಳಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಬ್ರಿಟನ್ನಿಗೆ ಹೋಗಿ, ಎಂಆರ್‌ಸಿಪಿಯನ್ನೋ ಎಫ್‌ಆರ್‌ಸಿಎಸ್‌ ಅನ್ನೋ, ಅಂದರೆ ಅಲ್ಲಿನ ಸ್ನಾತಕೋತ್ತರ ಅರ್ಹತೆಯನ್ನು, ಪಡೆದು, ರಿಜಿಸ್ಟ್ರಾರ್ ಎಂಬ ಹಿರಿಯ ತರಬೇತಿ ವೈದ್ಯರ ಹುದ್ದೆಯಲ್ಲಿ ಕಿರಿಯರಿಗೆ ಪಾಠ ಹೇಳುತ್ತಿದ್ದವರು ಅಟ್ಲಾಂಟಿಕ್ ದಾಟಿ ಬಂದೊಡನೆ ಮತ್ತೆ ಮೊದಲ ವರ್ಷದ ಇಂಟರ್ನ್‌ಗಳಾದರು. ನಾನೂ ಅವರಲ್ಲೊಬ್ಬ. ನನಗಿಂತ ಹತ್ತು ವರ್ಷ ಚಿಕ್ಕವರಾದ ಹಿರಿಯ ರೆಸಿಡೆಂಟ್ ಬೆಳಗಿನ ರೌಂಡಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳುವಾಗ ಮನಸ್ಸಿಗೆ ಕಸಿವಿಸಿಯಾಗುತ್ತಿತ್ತು, ಅದಿರಲಿ. ಅದು ನಮ್ಮ ಪಾಸ್‌ಪೋರ್ಟಿಗೋ ಬಣ್ಣಕ್ಕೋ ಸಂಬಂಧಿಸಿದ ನಿಯಮ ಎಂದು ಆಗ ನಮ್ಮಲ್ಲಿ ಕೆಲವರು ಭಾವಿಸಿದ್ದರು. ನಿಯಮ ನೋಡುವುದು ತರಬೇತಿ ನಡೆದ ಜಾಗವನ್ನು. ಓಹಾಯೋದಲ್ಲಿ ಹುಟ್ಟಿ, ಇಲ್ಲಿಯೇ ಎಂ.ಡಿ. ಪಡೆದ ನಿಮ್ಮ ಮಗಳು ಲಂಡನ್ನಿನಲ್ಲಿ ಹೃದ್ರೋಗ ತಜ್ಞೆಯಾಗಿ ಮರಳಿದರೆ ಅವಳಿಗೂ ಅದೇ ಗೋಡೆ ಎದುರಾಗುತ್ತದೆ.

ಆ ಗೋಡೆಯಲ್ಲಿ ಈಚೆಗೆ ಕೆಲವು ಕಿಂಡಿಗಳಾಗಿವೆ ಎಂಬುದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಹೊರದೇಶದಲ್ಲಿ ಪೂರ್ಣ ತರಬೇತಿ ಪಡೆದ ವೈದ್ಯರು ಇಲ್ಲಿ ಮತ್ತೆ ರೆಸಿಡೆನ್ಸಿ ಮಾಡದೆ ತಾತ್ಕಾಲಿಕ ಲೈಸೆನ್ಸ್ ಪಡೆಯಬಹುದೆಂಬ ಕಾನೂನನ್ನು ಟೆನೆಸ್ಸೀ ರಾಜ್ಯ 2023ರಲ್ಲಿ ಮಾಡಿತು, ಬೇರೆ ಹಲವು ರಾಜ್ಯಗಳು ಅದನ್ನು ಹಿಂಬಾಲಿಸಿದವು. ಆದರೆ ಈ ಕಾನೂನುಗಳು ಮುಖ್ಯವಾಗಿ ವೈದ್ಯ ಪದವಿಯನ್ನೇ ಹೊರದೇಶದಲ್ಲಿ ಪಡೆದವರನ್ನು ಮನಸ್ಸಿನಲ್ಲಿಟ್ಟು ಬರೆದವು. ಇಲ್ಲಿ ಪದವಿ, ಅಲ್ಲಿ ತರಬೇತಿ ಎಂಬಂಥ ವೈದ್ಯರು ಆ ವ್ಯಾಖ್ಯೆಯೊಳಗೆ ಬರುತ್ತಾರೋ ಇಲ್ಲವೋ ಎಂಬುದನ್ನು ಆಯಾ ರಾಜ್ಯದ ಕಾನೂನಿನ ಪಠ್ಯವನ್ನು ಓದಿಯೇ ತಿಳಿಯಬೇಕು. ಪೂರ್ತಿ ಹೊರಗಿನವರಿಗೆ ಸಿಗುವ ರಿಯಾಯಿತಿ ಅರ್ಧ ಹೊರಗಿನವರಿಗೆ ಸಿಗದೇ ಹೋಗಬಹುದಾದ ಈ ವಿಚಿತ್ರವನ್ನು ಶಾಸಕರು ಯೋಚಿಸಿರಲಾರರು. ಲೈಸೆನ್ಸ್ ಸಿಕ್ಕರೂ ಬೋರ್ಡ್ ಸರ್ಟಿಫಿಕೇಟಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಇನ್ನು ಬ್ರಿಟನ್. ಭಾಷೆಯ ತೊಡಕಿಲ್ಲವೆಂದು ಹೆಚ್ಚಿನವರು ಮೊದಲು ವಿಚಾರಿಸುವುದು ಅದನ್ನೇ, ಹೆಚ್ಚಿನ ತಪ್ಪು ತಿಳಿವಳಿಕೆಗಳಿರುವುದೂ ಅದರ ಬಗ್ಗೆಯೇ. ವೈದ್ಯರನ್ನು ನೋಂದಾಯಿಸುವ ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್‌ನ ಕಣ್ಣಿನಲ್ಲಿ ಹಾರ್ವರ್ಡಿನ ಪದವೀಧರರೂ ದಾವಣಗೆರೆಯ ಪದವೀಧರರೂ ಒಂದೇ ಸಾಲಿನವರು, ಇಬ್ಬರೂ ಹೊರದೇಶದ ಪದವೀಧರರು. ತರಬೇತಿ ಮುಗಿಸದ ಅಮೆರಿಕನ್ ಎಂ.ಡಿ.ಗೆ ನೋಂದಣಿಗೆ ಸಾಮಾನ್ಯ ದಾರಿಯೆಂದರೆ ಪ್ಲಾಬ್ ಪರೀಕ್ಷೆ: ಅದರ ಮೊದಲ ಭಾಗ ಬರಹದ್ದು, ಎರಡನೆಯ ಭಾಗಕ್ಕೆ ಮ್ಯಾಂಚೆಸ್ಟರಿಗೆ ಹೋಗಿ ಅಣಕು ರೋಗಿಗಳ ಮುಂದೆ ಪರೀಕ್ಷೆಗೊಳಗಾಗಬೇಕು. ಪದವಿ ಪತ್ರದ ಪರಿಶೀಲನೆ ನಡೆಯುವುದು ಫಿಲಡೆಲ್ಫಿಯಾದ ಇಸಿಎಫ್‌ಎಂಜಿಯ ಎಪಿಕ್ ವ್ಯವಸ್ಥೆಯ ಮೂಲಕ. ಹೊರದೇಶದಿಂದ ಬರುವ ನಮ್ಮಂಥವರ ಪತ್ರಗಳನ್ನು ತಪಾಸಣೆ ಮಾಡಲೆಂದು 1956ರಲ್ಲಿ ಹುಟ್ಟಿದ ಸಂಸ್ಥೆಯ ಮುಂದೆ ಹೊರದೇಶಕ್ಕೆ ಹೋಗುವ ಅಮೆರಿಕನ್ನರೂ ನಿಲ್ಲಬೇಕಾಗಿರುವುದನ್ನು ಕಂಡಾಗ, ಹಳಬರಾದ ನಮಗೆ ಸ್ವಲ್ಪ ನಗು ಬರುತ್ತದೆ.

ನೋಂದಣಿ ಸಿಕ್ಕಿತೆಂದರೆ ತರಬೇತಿ ಸಿಕ್ಕಿತೆಂದಲ್ಲ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಕಿರಿಯ ವೈದ್ಯರ ಹುದ್ದೆಗಳು ಎರಡು ಬಗೆಯವು. ಒಂದು ಬಗೆಯದು ತರಬೇತಿ ಹುದ್ದೆ. ಅದನ್ನು ಹಂತಹಂತವಾಗಿ ದಾಟಿದರೆ ತರಬೇತಿ ಮುಗಿಸಿದ ಪ್ರಮಾಣಪತ್ರವೂ ಕನ್ಸಲ್ಟೆಂಟ್ ಎಂಬ ಪೂರ್ಣ ತಜ್ಞರಾಗುವ ಅರ್ಹತೆಯೂ ಬರುತ್ತವೆ. ಇನ್ನೊಂದು ಬಗೆಯದಕ್ಕೆ ಕ್ಲಿನಿಕಲ್ ಫೆಲೋ, ಟ್ರಸ್ಟ್ ಗ್ರೇಡ್ ಎಂಬ ಹೆಸರುಗಳಿವೆ. ಅಲ್ಲಿ ವಾರ್ಡಿನ ಕೆಲಸ ಅದೇ, ರಾತ್ರಿ ಪಾಳಿಯೂ ಅದೇ, ಸಂಬಳವೂ ಹೆಚ್ಚುಕಡಿಮೆ ಅಷ್ಟೇ; ಆದರೆ ಕಳೆದ ವರ್ಷಗಳು ತರಬೇತಿಯ ಲೆಕ್ಕಕ್ಕೆ ತಾವಾಗಿ ಸೇರುವುದಿಲ್ಲ. ಅಂಥ ಹುದ್ದೆಯಲ್ಲಿದ್ದುಕೊಂಡೇ ದಾಖಲೆಗಳನ್ನು ಕಲೆಹಾಕಿ ಪೋರ್ಟ್‌ಫೋಲಿಯೋ ದಾರಿಯಿಂದ ವಿಶೇಷಜ್ಞರ ಪಟ್ಟಿಗೆ ಸೇರಿದವರಿದ್ದಾರೆ, ಆದರೆ ಅದಕ್ಕೆ ಬೇಕಾದ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಕೆಲಸದ ಆದೇಶ ಕೈಗೆ ಬಂದಾಗ ಸಂಬಳದ ಅಂಕಿಯನ್ನು ನೋಡುವ ಮೊದಲು ಇದು ಯಾವ ಬಗೆಯ ಹುದ್ದೆ ಎಂಬುದನ್ನು ನೋಡಿಕೊಳ್ಳಿ.

ತರಬೇತಿ ಹುದ್ದೆಗಳ ಪೈಪೋಟಿಯೂ ಈಗ ಮೊದಲಿನಂತಿಲ್ಲ. 2019ರ ಅಕ್ಟೋಬರಿನಲ್ಲಿ ಎಲ್ಲ ವೈದ್ಯರನ್ನೂ ಕೊರತೆಯ ವೃತ್ತಿಗಳ ಪಟ್ಟಿಗೆ ಸೇರಿಸಿದ ಮೇಲೆ ಹೊರದೇಶದವರು ಸ್ಥಳೀಯರ ಸರಿಸಮಾನವಾಗಿ ಅರ್ಜಿ ಹಾಕುವಂತಾಯಿತು. ಅರ್ಜಿಗಳು ಏರುತ್ತ ಹೋದವು. 2025ರ ಹೊತ್ತಿಗೆ ಸುಮಾರು 10,000 ವಿಶೇಷ ತರಬೇತಿ ಹುದ್ದೆಗಳಿಗೆ 30,000ಕ್ಕೂ ಹೆಚ್ಚು ಜನ ಅರ್ಜಿ ಹಾಕಿದ್ದರು. ತಮ್ಮಲ್ಲೇ ಓದಿದ ಯುವ ವೈದ್ಯರಿಗೆ ಹುದ್ದೆಯಿಲ್ಲ ಎಂಬ ಕೂಗು ಎದ್ದು, 2025ರ ಜುಲೈನಲ್ಲಿ ಪ್ರಕಟವಾದ ಹತ್ತು ವರ್ಷಗಳ ಆರೋಗ್ಯ ಯೋಜನೆಯಲ್ಲಿ ಬ್ರಿಟನ್ನಿನ ಪದವೀಧರರಿಗೂ ಅಲ್ಲಿ ಗಣನೀಯ ಕಾಲ ಕೆಲಸ ಮಾಡಿದವರಿಗೂ ಆದ್ಯತೆ ಕೊಡುವುದಾಗಿ ಸರ್ಕಾರ ಘೋಷಿಸಿತು. ಹೊಸದಾಗಿ ಹೋಗುವ ಅಮೆರಿಕನ್ ಪದವೀಧರರು ಸಾಲಿನ ಕೊನೆಯಲ್ಲಿ ನಿಲ್ಲಲು ಸಿದ್ಧರಿರಬೇಕು. ಐದಾರು ವರ್ಷಗಳ ಹಿಂದೆ ಹೋದವರ ಅನುಭವವನ್ನು ಕೇಳಿ ಇಂದು ಹೊರಡುವುದು ಅಪಾಯಕರ.

ಕಾಲಾವಧಿಯ ಬಗ್ಗೆಯೂ ಹೇಳಬೇಕು. ಹೃದ್ರೋಗ ತಜ್ಞರಾಗಲು ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್ ಮೂರು ವರ್ಷ, ಕಾರ್ಡಿಯಾಲಜಿ ಫೆಲೋಶಿಪ್ ಮೂರು ವರ್ಷ, ಒಟ್ಟು ಆರು. ಬ್ರಿಟನ್ನಿನಲ್ಲಿ ಪದವಿಯಾದೊಡನೆ ಮಾಡುವ ಫೌಂಡೇಶನ್ ತರಬೇತಿ ಎರಡು, ಇಂಟರ್ನಲ್ ಮೆಡಿಸಿನ್ ಮೂರು, ಅದರ ಮೇಲೆ ವಿಶೇಷ ತರಬೇತಿ ಐದು, ಒಟ್ಟು ಹತ್ತು. ಅಲ್ಲಿನ ಹುಡುಗ ಹದಿನೆಂಟಕ್ಕೆ ವೈದ್ಯಕೀಯ ಸೇರಿ ಇಪ್ಪತ್ಮೂರು ಇಪ್ಪತ್ನಾಲ್ಕಕ್ಕೆ ಪದವಿ ಪಡೆಯುತ್ತಾನೆ. ಇಲ್ಲಿ ನಾಲ್ಕು ವರ್ಷದ ಕಾಲೇಜು ಮುಗಿಸಿ ವೈದ್ಯಕೀಯಕ್ಕೆ ಬರುವುದರಿಂದ ಇಪ್ಪತ್ತಾರಕ್ಕಿಂತ ಮೊದಲು ಪದವಿ ಸಿಗುವುದು ಅಪರೂಪ. ಹೀಗಾಗಿ ಅಮೆರಿಕನ್ ಪದವೀಧರರು ಇಲ್ಲಿನ ದೀರ್ಘ ಓದನ್ನೂ ಅಲ್ಲಿನ ದೀರ್ಘ ತರಬೇತಿಯನ್ನೂ ಒಟ್ಟಿಗೆ ಹೊರಬೇಕಾಗುತ್ತದೆ. ಆದರೆ ವರ್ಷಗಳನ್ನು ಮಾತ್ರ ಎಣಿಸುವುದು ಪೂರ್ತಿ ನ್ಯಾಯವಲ್ಲ. ಇಲ್ಲಿ 2003ರಿಂದ ವಾರಕ್ಕೆ ಸರಾಸರಿ 80 ಗಂಟೆಗಳ ಮಿತಿಯಿದೆ, ಅಲ್ಲಿ ಸರಾಸರಿ 48. ಮಿತಿಯನ್ನೇ ಆಧಾರವಾಗಿಟ್ಟು ಗುಣಿಸಿದರೆ ಇಲ್ಲಿನ ಮೂರು ವರ್ಷಗಳೂ ಅಲ್ಲಿನ ಐದು ವರ್ಷಗಳೂ ಕರಾರುವಾಕ್ಕಾಗಿ ಸಮ. ನಿದ್ದೆಗೆಟ್ಟು ಬೇಗ ಮುಗಿಸುವುದು ಮೇಲೋ, ಮನೆಮಂದಿಯ ಮುಖ ನೋಡುತ್ತ ನಿಧಾನವಾಗಿ ಕಲಿಯುವುದು ಮೇಲೋ ಎಂಬುದು ಅವರವರ ಸ್ವಭಾವಕ್ಕೆ ಬಿಟ್ಟದ್ದು. ಎರಡರಲ್ಲಿಯೂ ಇದ್ದು ಬಂದ ನನಗೆ ಎರಡನೆಯದೇ ಹೆಚ್ಚು ಮನುಷ್ಯಸಹಜವಾಗಿ ಕಂಡಿದೆ.

ಕೆನಡಾ ಈ ಚಿತ್ರದಲ್ಲಿ ಒಂದು ಅಪವಾದ. ಅಮೆರಿಕದ ಮಾನ್ಯತೆ ಪಡೆದ ಶಾಲೆಯ ಎಂ.ಡಿ.ಗಳನ್ನು ರೆಸಿಡೆನ್ಸಿ ಹುದ್ದೆಗಳನ್ನು ಹಂಚುವ ಅಲ್ಲಿನ ಕಾರ್ಮ್ಸ್ ವ್ಯವಸ್ಥೆಯಲ್ಲಿ ಬಹುತೇಕ ಪ್ರಾಂತಗಳು ತಮ್ಮ ಪದವೀಧರರ ಸಾಲಿನಲ್ಲೇ ಪರಿಗಣಿಸುತ್ತ ಬಂದಿವೆ, ಅಲ್ಲಿನ ತರಬೇತಿಯನ್ನು ಇಲ್ಲಿನ ಅನೇಕ ಬೋರ್ಡುಗಳು ಒಪ್ಪುತ್ತವೆ. ಹೋಗುವ ದಾರಿಯೂ ಬರುವ ದಾರಿಯೂ ಎರಡೂ ತೆರೆದಿರುವ ದೇಶ ಅದೊಂದೇ ಎನ್ನಬಹುದು. ತೊಡಕೆಂದರೆ, ಅರ್ಜಿ ಹಾಕಲು ಕೆನಡಾದ ಪೌರತ್ವವೋ ಕಾಯಂ ನಿವಾಸದ ಹಕ್ಕೋ ಇರಬೇಕು. ಟೊರಾಂಟೋದಲ್ಲಿ ಹುಟ್ಟಿ ಅಮೆರಿಕದಲ್ಲಿ ಓದಿದ ನಮ್ಮ ಮಕ್ಕಳು ಕೆಲವರಿದ್ದಾರೆ. ಅವರು ಈ ದಾರಿಯನ್ನು ಮರೆಯಬಾರದು. ಕುಟುಂಬ ವೈದ್ಯರ ತರಬೇತಿ ಅಲ್ಲಿ ಎರಡೇ ವರ್ಷದ್ದು ಎಂಬುದೂ ಗಮನಿಸತಕ್ಕ ವಿಷಯ.

ಆಸ್ಟ್ರೇಲಿಯಾದ ಬಗ್ಗೆ ಒಂದು ನಿಯಮವನ್ನು ತಿಳಿದರೆ ಮುಕ್ಕಾಲು ಪಾಲು ತಿಳಿದಂತೆ. ಅಮೆರಿಕದ ವೈದ್ಯರಿಗೆ ಅಲ್ಲಿನ ಪರೀಕ್ಷೆಗಳಿಲ್ಲದೆ ನೋಂದಣಿಗೆ ದಾರಿ ಮಾಡಿಕೊಡುವ ಒಂದು ಮಾರ್ಗವಿದೆ, ಆದರೆ ಅದಕ್ಕೆ ಯುಎಸ್‌ಎಂಎಲ್‌ಇಯ ಜೊತೆ ಎಸಿಜಿಎಂಇ ರೆಸಿಡೆನ್ಸಿಯಲ್ಲಿ ಕನಿಷ್ಠ ಎರಡು ವರ್ಷ ಕಳೆದಿರಬೇಕು. ಅಷ್ಟಾದರೆ ಅಲ್ಲಿ ಒಂದು ವರ್ಷ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ ಸಾಮಾನ್ಯ ನೋಂದಣಿ ಪಡೆಯಬಹುದು, ಬರಿಯ ಎಂ.ಡಿ. ಹಿಡಿದು ಹೋದವರು ಆಸ್ಟ್ರೇಲಿಯನ್ ಮೆಡಿಕಲ್ ಕೌನ್ಸಿಲ್‌ನ ಪರೀಕ್ಷೆಗಳಿಗೆ ಕೂರಬೇಕು. ತರಬೇತಿ ಮುಗಿದ ಮೇಲೂ, 1997ರಿಂದ ಜಾರಿಯಲ್ಲಿರುವ ಕಟ್ಟಳೆಯಂತೆ, ಹೊರದೇಶದ ಪದವೀಧರರು ಸಾಮಾನ್ಯವಾಗಿ ಹತ್ತು ವರ್ಷಗಳ ಕಾಲ ವೈದ್ಯರ ಕೊರತೆಯಿರುವ ಪ್ರದೇಶಗಳಲ್ಲಿ ಮಾತ್ರ ಸರ್ಕಾರಿ ವಿಮೆಯ ಹಣ ಪಡೆದು ಖಾಸಗಿ ವೃತ್ತಿ ಮಾಡಬಹುದು. ಸಿಡ್ನಿಯ ಕಡಲತೀರದ ಚಿತ್ರ ನೋಡಿ ಹೋದವರು ಒಳನಾಡಿನ ಊರಿನಲ್ಲಿ ನೆಲೆಸಬೇಕಾಗುವುದು ಹೀಗೆ. ನ್ಯೂಜಿಲೆಂಡ್ ಕೂಡ ಅನುಭವವನ್ನೇ ಕೇಳುತ್ತದೆ. ತನ್ನದಕ್ಕೆ ಹೋಲುವ ಆರೋಗ್ಯ ವ್ಯವಸ್ಥೆಯಿರುವ ದೇಶಗಳ ಪಟ್ಟಿಯಲ್ಲಿ ಅದು ಅಮೆರಿಕವನ್ನೂ ಸೇರಿಸಿದೆ, ಆ ದೇಶಗಳಲ್ಲಿ ಹಿಂದಿನ 48 ತಿಂಗಳಲ್ಲಿ 33 ತಿಂಗಳು ಕೆಲಸ ಮಾಡಿದವರಿಗೆ ನೋಂದಣಿಯ ದಾರಿ ಸುಗಮ.

ಜರ್ಮನಿಯನ್ನು ನಮ್ಮವರು ಬೇಗ ಬದಿಗಿಡುತ್ತಾರೆ, ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ರೆಸಿಡೆನ್ಸಿ ಹುದ್ದೆಗಳನ್ನು ದೇಶಕ್ಕೆಲ್ಲ ಒಟ್ಟಿಗೆ ಹಂಚುವ ಮ್ಯಾಚ್ ಎಂಬುದು ಅಲ್ಲಿ ಇಲ್ಲವೇ ಇಲ್ಲ. ವಿಭಾಗದ ಮುಖ್ಯ ವೈದ್ಯರಿಗೆ ನೇರವಾಗಿ ಅರ್ಜಿ ಬರೆದು, ಸಂದರ್ಶನಕ್ಕೆ ಹೋಗಿ, ತಿಂಗಳಿಗೆ 5,000 ಯೂರೋ ದಾಟುವ ಸಂಬಳದ ನೌಕರನಾಗಿ ಸೇರಿ, ಐದಾರು ವರ್ಷ ದಿನಚರಿ ಪುಸ್ತಕ ತುಂಬಿಸುತ್ತ ತರಬೇತಿ ಮುಗಿಸಿ ಪ್ರಾಂತದ ವೈದ್ಯ ಮಂಡಳಿಯ ಮುಂದೆ ಪರೀಕ್ಷೆ ಕೊಟ್ಟರೆ ವಿಶೇಷಜ್ಞರಾಗುತ್ತಾರೆ. ಪದವಿಯ ಸಮಾನತೆಯನ್ನು ಆಯಾ ಪ್ರಾಂತ ಪರಿಶೀಲಿಸುತ್ತದೆ, ಕೊರತೆ ಕಂಡರೆ ಜ್ಞಾನ ಪರೀಕ್ಷೆಗೆ ಕೂರಿಸುತ್ತದೆ. ದೊಡ್ಡ ಬೆಟ್ಟವೆಂದರೆ ಭಾಷೆ. ಸಾಮಾನ್ಯ ಜರ್ಮನ್ ಬಿ2 ಎಂಬ ಮೇಲ್ಮಧ್ಯಮ ಮಟ್ಟಕ್ಕೆ ಬರಬೇಕು, ವೈದ್ಯಕೀಯ ಜರ್ಮನ್ ಸಿ1 ಎಂಬ ಪ್ರೌಢ ಮಟ್ಟದಲ್ಲಿ ಪ್ರತ್ಯೇಕ ಪರೀಕ್ಷೆಯಾಗಿ ನಡೆಯುತ್ತದೆ. ಪರೀಕ್ಷೆ ಪಾಸಾದ ಮೇಲೂ ಬವೇರಿಯಾದ ಹಳ್ಳಿಯ ಅಜ್ಜಿ ತನ್ನ ಎದೆನೋವನ್ನು ವಿವರಿಸುವಾಗ ಪುಸ್ತಕದ ಜರ್ಮನ್ ನೆರವಿಗೆ ಬರುವುದಿಲ್ಲ. ಮೈಸೂರಿನ ಮನೆಯಲ್ಲಿ ಬೆಳೆದವನಿಗೆ ಬೀದರಿನ ವಾರ್ಡಿನಲ್ಲಿ ಮೊದಲ ವಾರ ಆಗುವ ಅನುಭವವೇ ಅಲ್ಲಿ ಆಗುತ್ತದೆ. ಎರಡು ವರ್ಷ ಭಾಷೆಗೆಂದೇ ತೆಗೆದಿಡುವ ಮನಸ್ಸಿದ್ದವರಿಗೆ, ಅಲ್ಲಿಯೇ ನೆಲೆಸುವ ಇಚ್ಛೆಯಿದ್ದವರಿಗೆ, ಅದು ಗೌರವದ ದಾರಿ.

ಇಲ್ಲಿರುವ ತಾಯಿತಂದೆಯರು ಖಾಸಗಿಯಾಗಿ ಕೇಳುವ ಪ್ರಶ್ನೆ ಮಾತ್ರ ಬೇರೆ: ಮಗ ಊರಿಗೆ ಹೋಗಿ ಬೆಂಗಳೂರಿನಲ್ಲೇ ಪಿ.ಜಿ. ಮಾಡಿದರೆ ಹೇಗೆ? ಮನೆಯಿದೆ, ಅಜ್ಜಿತಾತ ಇದ್ದಾರೆ, ಸೀಟಿನ ಹಣ ಹೇಗೋ ಆಗುತ್ತದೆ ಎಂಬ ಲೆಕ್ಕ. ಮೊದಲನೆಯದಾಗಿ, ಹೊರದೇಶದಲ್ಲಿ ಎಂ.ಡಿ. ಪಡೆದ ಒಸಿಐ ಕಾರ್ಡುದಾರರು, ಅಂದರೆ ಭಾರತ ಮೂಲದ ವಿದೇಶಿ ಪ್ರಜೆಗಳು, ನೀಟ್ ಪಿಜಿ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಬರುವ ಮೊದಲು ಎಫ್‌ಎಂಜಿಇ ಎಂಬ ಅರ್ಹತಾ ಪರೀಕ್ಷೆಯನ್ನು ದಾಟಬೇಕು. ಎರಡನೆಯದಾಗಿ, 2021ರ ಮಾರ್ಚ್ 4ರ ಕೇಂದ್ರ ಅಧಿಸೂಚನೆ ಒಸಿಐ ಕಾರ್ಡುದಾರರನ್ನು ಎನ್‌ಆರ್‌ಐ ಸೀಟುಗಳಿಗೆ ಮಾತ್ರ ಸೀಮಿತಗೊಳಿಸಿತು. ಆ ದಿನಾಂಕಕ್ಕಿಂತ ಮೊದಲು ಕಾರ್ಡು ಪಡೆದವರ ಹಿಂದಿನ ಹಕ್ಕು ಉಳಿಯುತ್ತದೆಂದು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಿಮ್ಮ ಮಕ್ಕಳ ಕಾರ್ಡಿನ ಮೇಲಿನ ದಿನಾಂಕವನ್ನು ಇವತ್ತೇ ಮನೆಗೆ ಹೋಗಿ ನೋಡಿಕೊಳ್ಳಿ. ಮೂರನೆಯದೇ ನನಗೆ ಮುಖ್ಯವೆನಿಸುವುದು: ಭಾರತದಲ್ಲಿ ಪಡೆದ ಸ್ನಾತಕೋತ್ತರ ಎಂ.ಡಿ. ಅಥವಾ ಎಂ.ಎಸ್. ತರಬೇತಿ ಇಲ್ಲಿನ ಬೋರ್ಡಿಗೆ ಲೆಕ್ಕಕ್ಕಿಲ್ಲ, ಆದರೆ ಇಲ್ಲಿ ಪಡೆದ ಸ್ನಾತಕೋತ್ತರ ತರಬೇತಿಗೆ ಅಲ್ಲಿ ಮಾನ್ಯತೆಯಿದೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದು ದೇಶಗಳಲ್ಲಿ ವಿಶೇಷಜ್ಞರಾದವರಿಗೆ ಆ ಅರ್ಹತಾ ಪರೀಕ್ಷೆಯಿಂದ ವಿನಾಯಿತಿಯಿದೆ, ವೈದ್ಯ ವೃತ್ತಿ ನಡೆಸಲು ಒಸಿಐ ಕಾರ್ಡುದಾರರಿಗೆ ಅನುಮತಿಯೂ ಇದೆ. ಬೆಂಗಳೂರಿನಲ್ಲಿ ಸೇವೆ ಮಾಡಬೇಕೆಂಬ ಆಸೆ ನಿಜವಾದದ್ದೇ ಆದರೆ ರೆಸಿಡೆನ್ಸಿಯನ್ನು ಇಲ್ಲಿ ಮುಗಿಸಿ ಹೋಗುವುದು ಸುಲಭದ ದಾರಿ.

ಹಣದ ಮಾತನ್ನು ಎತ್ತದೆ ಈ ವಿಷಯ ಮುಗಿಯುವುದಿಲ್ಲ. ಇಲ್ಲಿ ಸಾಲ ಮಾಡಿ ಓದಿದ ವೈದ್ಯರ ತಲೆಯ ಮೇಲೆ ಪದವಿಯ ಹೊತ್ತಿಗೆ ಸಾಮಾನ್ಯವಾಗಿ 2 ಲಕ್ಷ ಡಾಲರ್ ಆಸುಪಾಸಿನ ಸಾಲವಿರುತ್ತದೆ. ಶೇಕಡ 8ರ ಬಡ್ಡಿ ಹಿಡಿದರೆ ವರ್ಷಕ್ಕೆ ಬಡ್ಡಿಯೇ 16,000 ಡಾಲರ್. ಇಂಗ್ಲೆಂಡಿನಲ್ಲಿ ಮೊದಲ ವರ್ಷದ ವೈದ್ಯರ ಮೂಲ ವೇತನ 2025ರಲ್ಲಿ 38,831 ಪೌಂಡ್, ಅಂದರೆ ಸುಮಾರು 50,000 ಡಾಲರ್. ತೆರಿಗೆ, ಬಾಡಿಗೆ ಕಳೆದ ಮೇಲೆ ಬಡ್ಡಿ ಕಟ್ಟಲು ಎಷ್ಟು ಉಳಿಯುತ್ತದೆಂದು ನೀವೇ ಎಣಿಸಿ. ಇದಕ್ಕಿಂತ ಹೆಚ್ಚು ಜನ ಎಡವುವ ಇನ್ನೊಂದು ಕಲ್ಲಿದೆ. ಸಾರ್ವಜನಿಕ ಸೇವೆಗಾಗಿ ಸಾಲ ಮನ್ನಾ ಮಾಡುವ 2007ರ ಕಾನೂನಿನಂತೆ, ಇಲ್ಲಿನ ಸರ್ಕಾರಿ ಅಥವಾ ಲಾಭರಹಿತ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ 120 ಕಂತು ಕಟ್ಟಿದವರ ಉಳಿದ ಸಾಲ ಮನ್ನಾ ಆಗುತ್ತದೆ, ರೆಸಿಡೆನ್ಸಿಯ ವರ್ಷಗಳೂ ಆ ಎಣಿಕೆಗೆ ಸೇರುತ್ತವೆ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆ ಎಷ್ಟೇ ಸಾರ್ವಜನಿಕವಾಗಿದ್ದರೂ ಅಲ್ಲಿ ಕಟ್ಟಿದ ಕಂತು ಈ ಎಣಿಕೆಗಿಲ್ಲ. ಅಮೆರಿಕದ ಪ್ರಜೆ ಜಗತ್ತಿನ ಎಲ್ಲಿದ್ದರೂ ಇಲ್ಲಿಗೆ ಆದಾಯ ತೆರಿಗೆಯ ಲೆಕ್ಕ ಸಲ್ಲಿಸುತ್ತಲೇ ಇರಬೇಕೆಂಬುದನ್ನೂ ಮರೆಯಬೇಡಿ.

ಹಾಗಾದರೆ ಹೊರಗೆ ಹೋಗುವುದೇ ಬೇಡವೆ? ಬೇಕು, ಅನೇಕರು ಹೋಗಬೇಕು ಎಂದೇ ನನ್ನ ಆಸೆ. ಅಲ್ಲಿಯೇ ಬಾಳುವ ನಿಶ್ಚಯವಿದ್ದವರು, ಸಂಗಾತಿ ಅಲ್ಲಿಯವರಾದವರು, ಬೇಗ ಹೋಗುವುದೇ ಒಳ್ಳೆಯದು. ಅವರಿಗೆ ಮರಳುವ ದಾರಿಯ ಚಿಂತೆಯಿಲ್ಲ. ಉಳಿದವರಿಗೆ ರೆಸಿಡೆನ್ಸಿಯ ನಂತರದ ಕಾಲ ಪ್ರಶಸ್ತ. ಅಮೆರಿಕನ್ ಬೋರ್ಡ್ ಸರ್ಟಿಫಿಕೇಟ್ ಹೊಂದಿದ ವೈದ್ಯರಿಗೆ ಬೇರೆ ಪರೀಕ್ಷೆಯಿಲ್ಲದೆ ಲೈಸೆನ್ಸ್ ಕೊಡುವಂತೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ 2025ರಲ್ಲಿ ನಿಯಮ ಸಡಿಲಿಸಿತು. ಇನ್ನು ಕಲಿಕೆಯ ಮಾತಾದರೆ, ಕೆಲವು ವಿದ್ಯೆಗಳು ಇಂದಿಗೂ ಹೊರಗೇ ಚೆನ್ನಾಗಿ ಸಿಗುತ್ತವೆ. ಹೊಟ್ಟೆ, ಕರುಳುಗಳ ಒಳಪದರದ ಆರಂಭದ ಕ್ಯಾನ್ಸರನ್ನು ಎಂಡೋಸ್ಕೋಪಿನಿಂದಲೇ ಸುಲಿದು ತೆಗೆಯುವ ಇಎಸ್‌ಡಿ ವಿಧಾನ ರೂಪುಗೊಂಡದ್ದು ಜಪಾನಿನಲ್ಲಿ. ಅಲ್ಲಿ ಹೊಟ್ಟೆಯ ಕ್ಯಾನ್ಸರ್ ಹೆಚ್ಚು, ತಪಾಸಣೆಯೂ ಹೆಚ್ಚು, ಆದ್ದರಿಂದ ಕೈ ಪಳಗಲು ಬೇಕಾದಷ್ಟು ರೋಗಿಗಳಿದ್ದಾರೆ; ಇಲ್ಲಿನ ಗ್ಯಾಸ್ಟ್ರೋಎಂಟರಾಲಜಿ ತಜ್ಞರು ಅಲ್ಲಿಗೆ ಹೋಗಿ ನೋಡಿ ಕಲಿಯುತ್ತಾರೆ. ಉಷ್ಣವಲಯದ ರೋಗಗಳಿಗೆ ಲಿವರ್‌ಪೂಲ್, ಲಂಡನ್ ಶಾಲೆಗಳಿವೆ, ಪೆರುವಿನ ಲಿಮಾದಲ್ಲಿ ಗೋರ್ಗಾಸ್ ಕೋರ್ಸಿದೆ. ಗುಂಡೇಟು, ಚೂರಿ ಇರಿತಗಳ ಶಸ್ತ್ರಚಿಕಿತ್ಸೆಗೆ ದಕ್ಷಿಣ ಆಫ್ರಿಕಾದ ಸೊವೆಟೋದ ಬಾರಾಗ್ವಾನಾಥ್ ಆಸ್ಪತ್ರೆಗೆ ಹೋಗಿ ಬಂದವರಿದ್ದಾರೆ.

ನಮಗೆ ಹತ್ತಿರದ ಉದಾಹರಣೆ ಮಧುರೈನದು. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳೊಡನೆ ಆರಂಭಿಸಿದ ಅರವಿಂದ್ ಕಣ್ಣಾಸ್ಪತ್ರೆಗೆ ಅಮೆರಿಕದ ನೇತ್ರ ವೈದ್ಯರು ಕಲಿಯಲು ಬರುತ್ತಾರೆ. ಇಲ್ಲಿನ ನೇತ್ರ ರೆಸಿಡೆಂಟ್ ತರಬೇತಿ ಮುಗಿಸುವುದರೊಳಗೆ ಮುಖ್ಯ ಶಸ್ತ್ರಕಾರನಾಗಿ ಕನಿಷ್ಠ 86 ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ ಮಾಡಿರಬೇಕೆಂಬ ನಿಯಮವಿದೆ. ಅರವಿಂದದ ಅನುಭವಿ ಶಸ್ತ್ರವೈದ್ಯರು ವರ್ಷಕ್ಕೆ ಸುಮಾರು 2,000 ಮಾಡುತ್ತಾರೆ. ಬಲಿತು ಕಲ್ಲಿನಂತಾದ ಪೊರೆಯನ್ನು ದುಬಾರಿ ಯಂತ್ರವಿಲ್ಲದೆ ಸಣ್ಣ ಗಾಯದಿಂದ ತೆಗೆಯುವ ಕೈಚಳಕವನ್ನು ಕ್ಲೀವ್‌ಲ್ಯಾಂಡಿನಲ್ಲೋ ಬಾಸ್ಟನ್ನಿನಲ್ಲೋ ಕಲಿಯುವುದು ಕಷ್ಟ, ಅಂಥ ಪೊರೆ ಇಲ್ಲಿ ಅಪರೂಪ. ರೆಸಿಡೆನ್ಸಿಯ ನಡುವೆ ಹೀಗೆ ಹೋಗುವವರು ಆ ವಾರಗಳು ತರಬೇತಿಯ ಲೆಕ್ಕಕ್ಕೆ ಸೇರುತ್ತವೆಯೇ ಎಂಬುದನ್ನು ಪ್ರೋಗ್ರಾಂ ಡೈರೆಕ್ಟರರಿಂದಲೂ ಬೋರ್ಡಿನಿಂದಲೂ ಹೊರಡುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಬೇಕು.

ಕೊನೆಯದಾಗಿ ಮ್ಯಾಚ್ ಆಗದವರ ಪ್ರಶ್ನೆ. ಅಮೆರಿಕದ ಎಂ.ಡಿ. ಶಾಲೆಗಳ ಅಂತಿಮ ವರ್ಷದವರಲ್ಲಿ ಸುಮಾರು ಶೇಕಡ 93 ಮಂದಿಗೆ ಪ್ರತಿ ಮಾರ್ಚಿನಲ್ಲಿ ಹುದ್ದೆ ಸಿಗುತ್ತದೆ. ಸಿಗದವರಿಗೆ ಮ್ಯಾಚ್ ವಾರದ ಸೋಮವಾರ ಸುದ್ದಿ ಬಂದ ಕ್ಷಣದಿಂದ ಹೊರದೇಶದ ಯೋಚನೆ ಶುರುವಾಗುತ್ತದೆ. ಆ ವಾರ ವಿಮಾನದ ದರ ನೋಡಬೇಡಿ. ಉಳಿದ ಹುದ್ದೆಗಳನ್ನು ತುಂಬುವ ಸೋಪ್ ಪ್ರಕ್ರಿಯೆಯಲ್ಲಿ ಒಂದು ವರ್ಷದ ಪ್ರಿಲಿಮಿನರಿ ಹುದ್ದೆಗಳು, ಅದರಲ್ಲಿಯೂ ಸರ್ಜರಿಯವು, ಸಿಗುವ ಸಾಧ್ಯತೆಯಿರುತ್ತದೆ. ಕೆಲಸ ಕಠಿಣ, ಮುಂದಿನ ಭರವಸೆಯಿಲ್ಲ ಎಂದು ಅನೇಕರು ಅದನ್ನು ತಿರಸ್ಕರಿಸುತ್ತಾರೆ. ಆದರೆ ಆ ಒಂದು ವರ್ಷ ಏನೇನು ಕೊಡುತ್ತದೆ ನೋಡಿ: ಅನೇಕ ರಾಜ್ಯಗಳ ಲೈಸೆನ್ಸಿಗೆ ಬೇಕಾದ ತರಬೇತಿ, ಲೈಸೆನ್ಸ್ ಪರೀಕ್ಷೆಯ ಕೊನೆಯ ಹಂತವಾದ ಸ್ಟೆಪ್ 3 ಮುಗಿಸುವ ಅವಕಾಶ, ಮರುವರ್ಷದ ಮ್ಯಾಚಿಗೆ ಹೊಸ ಶಿಫಾರಸು ಪತ್ರಗಳು, ಆಸ್ಟ್ರೇಲಿಯಾ ಕೇಳುವ ಎರಡು ವರ್ಷಗಳಲ್ಲಿ ಒಂದು. ಬ್ರಿಟನ್ನಿನ ಪೂರ್ಣ ನೋಂದಣಿಗೂ ಹನ್ನೆರಡು ತಿಂಗಳ ಇಂಟರ್ನ್‌ಶಿಪ್ ಬೇಕು. ಅದಿಲ್ಲದೆ ಹೋದವರು ಅಲ್ಲಿನ ಫೌಂಡೇಶನ್ ಮೊದಲ ವರ್ಷದಿಂದಲೇ ಆರಂಭಿಸಬೇಕು. ಆ ಹನ್ನೆರಡು ತಿಂಗಳಲ್ಲಿ ಕನಿಷ್ಠ ಮೂರು ತಿಂಗಳು ಮೆಡಿಸಿನ್, ಕನಿಷ್ಠ ಮೂರು ತಿಂಗಳು ಸರ್ಜರಿ ಇರಬೇಕೆಂದು ಜನರಲ್ ಮೆಡಿಕಲ್ ಕೌನ್ಸಿಲ್ ಕೇಳುತ್ತದೆ. ಬರಿಯ ಸರ್ಜರಿಯ ಪ್ರಿಲಿಮಿನರಿ ವರ್ಷದಲ್ಲಿ ಮೆಡಿಸಿನ್‌ನ ಮೂರು ತಿಂಗಳು ತಾನಾಗಿ ಸಿಗುವುದಿಲ್ಲ. ಆದ್ದರಿಂದ ಆಯ್ಕೆಯಿದ್ದರೆ ಎರಡೂ ವಿಭಾಗಗಳಲ್ಲಿ ಓಡಾಡಿಸುವ ಟ್ರಾನ್ಸಿಶನಲ್ ವರ್ಷವನ್ನು ಹಿಡಿಯಿರಿ. ಇಲ್ಲವಾದರೆ ಜುಲೈನಲ್ಲಿ ಸೇರಿದ ಮೊದಲ ವಾರದಲ್ಲೇ, ರೊಟೇಶನ್ ಪಟ್ಟಿ ಗಟ್ಟಿಯಾಗುವ ಮುನ್ನ, ಐಚ್ಛಿಕ ತಿಂಗಳುಗಳನ್ನು ಮೆಡಿಸಿನ್ ವಾರ್ಡಿನಲ್ಲಿ ಹಾಕಿಕೊಡುವಂತೆ ಕೇಳಿಕೊಳ್ಳಿ.